ಡೀಸೆಲ್ ಕುಡಿದ ಸೊಪ್ಪಿನ ತೋಟ

ಟ್ಯಾಂಕರ್ ಮಗುಚಿದ ದಿನ ನಮ್ಮೂರಿನವರು ಮೊದಲು ಓಡಿದ್ದು ಡ್ರೈವರ್ ಬದುಕಿದ್ದಾನಾ ಅಂತ ನೋಡೋಕಲ್ಲ, ಬಿಂದಿಗೆ ತರೋಕೆ. ಸುಳ್ಳು ಹೇಳಿ ನನಗೇನಾಗಬೇಕು? ಡ್ರೈವರ್ ಪುಣ್ಯಾತ್ಮ, ತಾನೇ ಬಾಗಿಲು ಒದ್ದು ಹೊರಗೆ ಬಂದು ರಸ್ತೆ ಬದಿಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. ಅವನಿಗೆ ಒಂದು ಲೋಟ ನೀರು ಕೊಟ್ಟವರು ನಮ್ಮತ್ತೆ ಒಬ್ಬರೇ. ಉಳಿದವರೆಲ್ಲ ಕ್ಯಾನು, ಬಕೆಟ್ಟು, ಕೈಗೆ ಸಿಕ್ಕ ಪಾತ್ರೆ ಹಿಡಿದು ಡೀಸೆಲ್ ತುಂಬಿಕೊಳ್ಳುತ್ತಾ ನಿಂತಿದ್ದರು. ಪೊಲೀಸರು ಬಂದು ಲಾಠಿ ಬೀಸೋವರೆಗೂ ಅದೇ ಗದ್ದಲ.

ಅವರು ತುಂಬಿಕೊಂಡಿದ್ದು ಎಷ್ಟು ಮಹಾ? ಮಿಕ್ಕಿದ್ದೆಲ್ಲ ಇಳಿಜಾರು ಹಿಡಿದು ನಮ್ಮ ತೋಟಕ್ಕೆ ನುಗ್ಗಿತು. ನಂಗಲಿ ಹತ್ತಿರ ಆಂಧ್ರದ ಕಡೆ ಹೋಗೋ ಹೆದ್ದಾರಿ ಎತ್ತರದಲ್ಲಿದೆ, ಅದರ ಪಕ್ಕದ ನಮ್ಮ ತೋಟ ತಗ್ಗಿನಲ್ಲಿದೆ. ಮಳೆ ಬಂದರೆ ರಸ್ತೆ ನೀರು ಇಳಿಯೋ ಕಾಲುವೆಯಲ್ಲೇ ಅವತ್ತು ಡೀಸೆಲ್ ಇಳಿದು ಬಂತು. ನಾವೇ ನಿಂತು ನೀರು ಕಟ್ಟಿದ ಹಾಗೆ, ಸಾಲಿನಿಂದ ಸಾಲಿಗೆ ತಿರುಗಿಕೊಂಡು ಹೋಯಿತು. ಅತ್ತೆ ಸನಿಕೆಯಲ್ಲಿ ಮಣ್ಣು ಎಳೆದು ಎಳೆದು ಅಡ್ಡ ಹಾಕಿದರು. ನಾನು ಬರಿಗೈಲಿ ಮಣ್ಣು ಒತ್ತಿದೆ. ಒತ್ತಿದ ಕಡೆ ಬಿಟ್ಟು ಪಕ್ಕದಲ್ಲಿ ಕಿತ್ತುಕೊಂಡು ಹೋಗೋದು. ಕೊನೆಗೆ ಇಬ್ಬರೂ ಮೊಣಕೈವರೆಗೂ ಡೀಸೆಲ್ ಮೆತ್ತಿಕೊಂಡು ಬದುವಿನ ಮೇಲೆ ಕೂತೆವು. ಅತ್ತೆ ಅಳಲಿಲ್ಲ.

ಹಿಪ್ಪುನೇರಳೆ ಅಂತ ಪುಸ್ತಕದಲ್ಲಿ ಬರೀತಾರೆ. ನಮಗೆ ಅದು ಬರೀ ಸೊಪ್ಪು. ರೇಷ್ಮೆ ಹುಳುವಿಗೆ ಅದು ಬಿಟ್ಟು ಇನ್ನೇನೂ ಬಾಯಿಗೆ ಹತ್ತೋದಿಲ್ಲ. ಆ ತೋಟದ ಒಂದೊಂದು ಕಡ್ಡಿಯನ್ನೂ ನೆಟ್ಟವರು ಅತ್ತೆ. ಮಾವ ತೀರಿಕೊಂಡ ವರ್ಷ, "ಜಮೀನು ಯಾರಿಗಾದರೂ ಕೊಟ್ಟುಬಿಡು, ಹೆಂಗಸು ನೀನೇನು ಮಾಡ್ತೀಯ" ಅಂದವರಿಗೆಲ್ಲ ಕೈ ಮುಗಿದು ಕಳಿಸಿ, ತವರಿನಿಂದ ಕಡ್ಡಿ ಹೊರೆ ಹೊತ್ತು ತಂದು ನೆಟ್ಟರಂತೆ. ಇಬ್ಬರು ಗಂಡುಮಕ್ಕಳನ್ನ ಓದಿಸಿದ್ದು ಆ ಸೊಪ್ಪೇ. ದೊಡ್ಡವರು, ಅಂದರೆ ನಮ್ಮ ಭಾವ, ಕೋಲಾರದಲ್ಲಿ ಮೇಷ್ಟ್ರು. ನನ್ನ ಗಂಡ ಮಾಲೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬರ್ತಾರೆ. ಹುಳು, ಸೊಪ್ಪು, ಹಸು ಎಲ್ಲ ನಾನು ಮತ್ತೆ ಅತ್ತೆ.

ಹುಳು ಮನೆ ಅಂದರೆ ಅತ್ತೆಗೆ ದೇವರ ಮನೆಗಿಂತ ಒಂದು ಕೈ ಹೆಚ್ಚು. ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆಸಿದ ಗೋಣಿಚೀಲ, ಅದನ್ನ ತುಳಿದೇ ಒಳಗೆ ಹೋಗಬೇಕು. ಪಕ್ಕದ ಬೇಸಿನ್ನಿನಲ್ಲಿ ಕೈ ಅದ್ದಬೇಕು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಹಗಲೂ ರಾತ್ರಿ ತಿನ್ನೋಕೆ ಶುರು ಮಾಡಿದ ಮೇಲೆ, ಮನೆಯಲ್ಲಿ ಒಗ್ಗರಣೆ ಬಂದ್, ಊದುಬತ್ತಿ ಬಂದ್. ನಾನು ಮುಖಕ್ಕೆ ಪೌಡರ್ ಹಾಕ್ಕೊಂಡರೂ ಬೈಗುಳ. ನಾನು ಶ್ರೀನಿವಾಸಪುರದ ಮಾವಿನ ತೋಪಿನವಳು, ಮದುವೆಯಾಗಿ ಬಂದ ಹೊಸದರಲ್ಲಿ ಇದೇನು ಹುಚ್ಚಪ್ಪಾ ಅಂತ ಒಳಗೊಳಗೇ ನಗ್ತಿದ್ದೆ. ಒಂದು ಸಲ ಬೆಳೆಗೆ ಸಪ್ಪೆ ರೋಗ ಬಂತು ನೋಡಿ. ಹುಳುವೆಲ್ಲ ಮೆತ್ತಗಾಗಿ, ಕಪ್ಪಗಾಗಿ, ಮುಟ್ಟಿದರೆ ಒಡೆದು ನಾರಿದಾಗ ನನ್ನ ನಗು ನಿಂತಿತು. ಬ್ಯಾಕ್ಟೀರಿಯಾ ಅಂದರೆ ಅತ್ತೆಗೆ ಗೊತ್ತಿದ್ದದ್ದು ಇಷ್ಟೇ: ಅದು ಹುಳುವನ್ನ ಕೊಲ್ಲುತ್ತೆ, ಅದಕ್ಕೆ ಮುಂಚೆ ನಾವು ಅದನ್ನ ಕೊಲ್ಲಬೇಕು.

ಡೀಸೆಲ್ ಬಿದ್ದ ಹೊತ್ತಿಗೆ ಹುಳು ಆಗತಾನೇ ನಾಲ್ಕನೇ ಜ್ವರ ಎದ್ದಿತ್ತು. ಎಲೆಗೆ ಡೀಸೆಲ್ ತಾಗಿರಲಿಲ್ಲ, ಆದರೆ ಇಡೀ ತೋಟವೇ ನಾರುತ್ತಿತ್ತಲ್ಲ. ಸೊಪ್ಪನ್ನ ತೊಳೆದೆವು, ಗಾಳಿಗೆ ಹರಡಿದೆವು, ಕೊಟ್ಟೆವು. ಹುಳು ತಲೆ ಎತ್ತಿ ಹಿಂದಕ್ಕೆ ಸರಿದವು. ಅತ್ತೆಗೆ ಸಂಕಟವಾದರೆ ತೆಲುಗು ಬರುತ್ತೆ. "ತಿನಂಡಿ ನಾಯನಾ, ಒಂದು ತುಣುಕು ತಿನಂಡಿ" ಅಂತ ಮಕ್ಕಳಿಗೆ ತುತ್ತು ಕೊಡೋ ಹಾಗೆ ತಟ್ಟೆಯಿಂದ ತಟ್ಟೆಗೆ ಬೇಡಿಕೊಂಡು ಹೋದರು. ಅಕ್ಕಪಕ್ಕದವರ ಹತ್ತಿರ ಕೇಳೋಣ ಅಂದರೆ, ಎಲ್ಲರ ಹುಳುವೂ ಅದೇ ಹಂತದಲ್ಲಿತ್ತು. ತಮ್ಮ ಹುಳುವಿಗೇ ಸೊಪ್ಪು ಸಾಲದವರು ನಮಗೆಲ್ಲಿಂದ ಕೊಟ್ಟಾರು? ಕೊನೆಗೆ ಗುಂಡಿ ತೋಡಿ ಇಡೀ ಬೆಳೆ ಹೂತೆವು. ಮೇಲೆ ಸುಣ್ಣ ಹಾಕುವಾಗ ಒಂದೆರಡು ಇನ್ನೂ ಮಿಸುಕಾಡುತ್ತಿದ್ದವು. ಅವತ್ತು ಅತ್ತೆ ಅತ್ತರು.

ಆ ಭಾನುವಾರ ಭಾವ ಬಂದರು. ಅವರನ್ನ ಕೆಟ್ಟವರು ಅನ್ನಬೇಡಿ, ಅವರು ಲೆಕ್ಕಾಚಾರದ ಮನುಷ್ಯ, ಅಷ್ಟೇ. ರಸ್ತೆ ಕಡೆಯ ಸಾಲುಗಳು ಆಗಲೇ ಸುಟ್ಟ ಹಾಗೆ ಒಣಗಿದ್ದವು. ಒಂದು ಸುತ್ತು ಹಾಕಿ ಬಂದು ಜಗಲಿ ಮೇಲೆ ಕೂತರು.

"ಅಮ್ಮಾ, ಇನ್ನು ಈ ಮಣ್ಣಲ್ಲಿ ಏನೂ ಆಗಲ್ಲ. ರೋಲರ್ ಹೊಡೆಸಿ ಜಲ್ಲಿ ಹಾಕಿಸಿದ್ರೆ ಲಾರಿ ನಿಲ್ಲೋಕೆ ಜಾಗ ಆಗುತ್ತೆ. ಕೇಳೋರು ಈಗಲೇ ಇದ್ದಾರೆ."

"ನಾನು ಸತ್ತ ಮೇಲೆ ಹೊಡೆಸ್ಕೊಳ್ರೋ."

"ಸತ್ತಿರೋ ಮಣ್ಣನ್ನ ಇಟ್ಕೊಂಡು ಏನಮ್ಮಾ ಮಾಡ್ತೀಯ?"

ನನಗೆ ತಡೆಯೋಕಾಗಲಿಲ್ಲ, ನಡುವೆ ಬಾಯಿ ಹಾಕಿದೆ. "ಒಂದು ಅವಕಾಶ ಕೊಡಿ ಭಾವ" ಅಂದೆ. ನನ್ನ ಹತ್ತಿರ ಏನು ಉಪಾಯವಿತ್ತು? ಮಣ್ಣಂಗಟ್ಟಿ! ಆದರೂ ಅಂದುಬಿಟ್ಟೆ. ಭಾವ ಮತ್ತೊಂದು ಸಲ ತೋಟದ ಕಡೆ ನೋಡಿ, "ಸಂಕ್ರಾಂತಿವರೆಗೂ ನೋಡ್ತೀನಮ್ಮ. ಅಷ್ಟರಲ್ಲಿ ಮಣ್ಣಿನ ವಾಸನೆ ಹೋಗಿ ಗಿಡ ಚಿಗುರಿದ್ರೆ ನಿಮ್ಮಿಷ್ಟ. ಇಲ್ಲಾಂದ್ರೆ ರೋಲರ್" ಅಂದರು. ಅವರು ಮಾತು ಕೊಟ್ಟರೆ ಕೊಟ್ಟ ಹಾಗೆ, ಎರಡೂ ಕಡೆಗೆ.

ಮಣ್ಣನ್ನ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಕಂಡ ಕಂಡ ಆಫೀಸಿಗೆ ಅಲೆದೆ. ಒಬ್ಬರು ಕವರ್ ಬಿಚ್ಚಿದ ತಕ್ಷಣ ಮೂಗು ಮುಚ್ಚಿಕೊಂಡು, "ಇಷ್ಟು ಮಣ್ಣೂ ಎತ್ತಿ ಬಿಸಾಕಿ" ಅಂದರು. ಎಲ್ಲಿಗೆ ಸ್ವಾಮಿ, ನಿಮ್ಮ ಮನೆ ಅಂಗಳಕ್ಕಾ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಇನ್ನೊಬ್ಬರು ಕೃಷಿ ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳೋ ಒಬ್ಬ ಮೇಡಂ ನಂಬರ್ ಕೊಟ್ಟರು. ಆ ಮೇಡಂ ನಿಜಕ್ಕೂ ಬಂದರು. ತೋಟಕ್ಕಿಳಿದು, ಮೊಣಕಾಲೂರಿ, ಮಣ್ಣು ತೋಡಿ ಮೂಸಿ ನೋಡಿ, "ಡೀಸೆಲ್ ತಿಂದು ಬದುಕೋ ಬ್ಯಾಕ್ಟೀರಿಯಾ ಇವೆ. ಇಲ್ಲಿ ಪ್ರಯತ್ನ ಮಾಡೋಣ" ಅಂದರು.

ಅತ್ತೆ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ಏಮೇ, ನೀಕು ಬುದ್ಧಿ ಉಂದಾ? ಹುಳು ಮನೆ ಪಕ್ಕದಲ್ಲಿ ಬ್ಯಾಕ್ಟೀರಿಯಾ ಸಾಕ್ತೀಯಾ? ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತು!"

"ಅತ್ತೆ, ಇವು ಬೇರೆ ಜಾತಿಯಂತೆ. ಹುಳುವಿಗೇನೂ ಮಾಡಲ್ವಂತೆ."

"ರೋಗಕ್ಕೆ ಜಾತಿ ಬೇರೆ ಐತಾ?"

"ಹಾಗಾದ್ರೆ ರೋಲರ್ ಹೊಡೆಸಿಬಿಡೋಣ ಬಿಡಿ!"

ಅದೊಂದು ಮಾತಿಗೆ ಅತ್ತೆ ತಣ್ಣಗಾದರು. ಹೊರಗೆ ಬಂದು ಮೇಡಂ ಮುಂದೆ ನಿಂತು, "ಏನು ತಿಂತವಮ್ಮಾ ಅವು, ಡೀಸೆಲ್ ಬಿಟ್ಟು?" ಅಂತ ಕೇಳಿದರು. ಮೇಡಂ ನಕ್ಕು, ಅವಕ್ಕೆ ಗಾಳಿ ಬೇಕು, ತೇವ ಬೇಕು, ಸಗಣಿಗೊಬ್ಬರ ಬೇಕು, ಶುರುವಿನಲ್ಲಿ ಸ್ವಲ್ಪ ಬೆಲ್ಲದ ನೀರು ಕೊಟ್ಟರೆ ಚುರುಕಾಗುತ್ತವೆ ಅಂದರು. ಮಣ್ಣನ್ನ ಆಗಾಗ ತಿರುವಿ ಹಾಕಬೇಕು, ಒಣಗೋಕೆ ಬಿಡಬಾರದು, ಔಷಧಿ ಹೊಡೆಯಬಾರದು. ಒಂದೆರಡು ವಾರದ ಮಾತಲ್ಲ, ತಿಂಗಳುಗಟ್ಟಲೆ ಹಿಡಿಯುತ್ತೆ ಅಂತಲೂ ಹೇಳಿದರು.

ಮುಂದಿನ ಸಲ ಬಂದಾಗ ಕ್ಯಾನುಗಳಲ್ಲಿ ತಂದರು. ಕಲಗಚ್ಚಿನ ಹಾಗೆ ಮಬ್ಬು ನೀರು, ಹುಳಿ ವಾಸನೆ. ಇದರೊಳಗೆ ಜೀವ ಇದೆ ಅಂದರೆ ನಂಬೋದು ಹೇಗೆ ಹೇಳಿ? ಸಗಣಿ, ಬೆಲ್ಲದ ನೀರಲ್ಲಿ ಕಲಸಿ ಸಾಲಿಗೆ ಸುರಿದೆವು. ಅಲ್ಲಿಂದಾಚೆ ನಮ್ಮ ಬದುಕು ಮಣ್ಣು ತಿರುವಿ ಹಾಕೋದೇ ಆಯಿತು. ಅತ್ತೆ ಬೆಲ್ಲ ಕುಟ್ಟಿ ಕೊಡೋರು, ತಾವೂ ಸನಿಕೆ ಹಿಡಿದು ಇಳಿಯೋರು. ಮೊದಲು ಹುಳುವಿಗೆ ಸೊಪ್ಪು ಹಾಕ್ತಿದ್ದ ಹೊತ್ತಿಗೆ ಸರಿಯಾಗಿ, "ಅವುಕ್ಕೆ ಕೊಟ್ಯೇನಮ್ಮಾ?" ಅಂತ ಕೇಳೋರು. ಮಳೆಗಾಲ ನಡುವಿಗೆ ಬಂದಾಗ ಮಣ್ಣಿನ ಜಿಡ್ಡು ಕಮ್ಮಿಯಾಗಿತ್ತು. ಉಂಡೆ ಕಟ್ಟಿದರೆ ಕೈಗೆ ಎಣ್ಣೆ ಅಂಟುತ್ತಿರಲಿಲ್ಲ. ಕೆಳಗಿನ ಸಾಲುಗಳಲ್ಲಿ ಬೆರಳ ತುದಿಯಷ್ಟು ಚಿಗುರು ಕಂಡಿತು. ನಾನು ಬದುವಿನ ಮೇಲೆ ನಿಂತು ಹುಚ್ಚಿಯ ಹಾಗೆ ಕೂಗಿಕೊಂಡೆ, ಮೇಲೆ ಹೋಗೋ ಲಾರಿಯವನು ಏನಾಯಿತೋ ಅಂತ ಹಾರ್ನ್ ಹೊಡೆದ.

ಶ್ರಾವಣದಲ್ಲಿ ನನ್ನ ತಂಗಿ ಮಗುವಿನ ನಾಮಕರಣ. ಎರಡು ದಿನಕ್ಕೆ ಅಂತ ಶ್ರೀನಿವಾಸಪುರಕ್ಕೆ ಹೋದೆ. ವಾಪಸು ಬಂದು ಹೆದ್ದಾರಿಯಲ್ಲಿ ಬಸ್ ಇಳಿದು ಕೆಳಗೆ ನೋಡಿದರೆ, ತೋಟವೆಲ್ಲ ಬೆಳ್ಳಗಿದೆ. ಮೊದಲು ಏನೆಂದು ಗೊತ್ತಾಗಲಿಲ್ಲ. ಆಮೇಲೆ ಗಾಳಿ ಈ ಕಡೆ ತಿರುಗಿತು, ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಬಡಿಯಿತು. ಬ್ಯಾಗು ಅಲ್ಲೇ ಬಿಸಾಕಿ ಇಳಿಜಾರಿನಲ್ಲಿ ಓಡಿದೆ. ಕೊನೇ ಸಾಲಿನಲ್ಲಿ ಅತ್ತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೊಂಟದಲ್ಲಿ ಮಂಕರಿ ಇಟ್ಟುಕೊಂಡು, ರಂಗೋಲಿ ಹಿಟ್ಟು ಬಿಡೋಷ್ಟು ನಯವಾಗಿ ಉದುರಿಸುತ್ತಿದ್ದರು.

"ಅಯ್ಯೋ ಅತ್ತೆ, ಏನ್ ಮಾಡ್ತಿದೀರಾ!"

ಆಗಿದ್ದಿಷ್ಟು. ನಾನು ಹೋದ ದಿನವೇ ಪಕ್ಕದ ಮನೆಯ ಹುಳುವಿಗೆ ಸಪ್ಪೆ ರೋಗ ಬಿದ್ದಿದೆ. ನಮ್ಮ ಕಡೆ ಒಂದು ಮನೆಗೆ ರೋಗ ಬಂದರೆ ಊರೆಲ್ಲ ಒಂದೇ ದಿನ ಬ್ಲೀಚಿಂಗು, ಸುಣ್ಣ ಹಾಕಬೇಕು. ಹುಳು ಮನೆ, ಓಣಿ, ಕೊಟ್ಟಿಗೆ, ತಿಪ್ಪೆ, ಯಾವುದನ್ನೂ ಬಿಡೋಹಾಗಿಲ್ಲ. ಒಬ್ಬರು ಬಿಟ್ಟರೆ ಉಳಿದವರು ಹಾಕಿದ್ದೂ ದಂಡ ಅಂತ ಎಲ್ಲರಿಗೂ ಗೊತ್ತು. ಬ್ಲೀಚಿಂಗನ್ನ ನಮ್ಮಲ್ಲಿ ಯಾರೂ ಔಷಧಿ ಅಂತ ಎಣಿಸೋದಿಲ್ಲ, ಕಸ ಗುಡಿಸಿದ ಹಾಗೆ, ನೆಲ ಸಾರಿಸಿದ ಹಾಗೆ ಅದೂ ಒಂದು ಕೆಲಸ.

"ನಿಮ್ಮ ತೋಟದಿಂದಲೇ ಬಂತು ಅಂತ ಪಕ್ಕದ್ಮನೆಯವಳು ಬಾಯಿ ಬಡ್ಕೊಂಡ್ಲು ಕಣಮ್ಮ" ಅಂದರು ಅತ್ತೆ. "ಹುಳು ಸತ್ತರೆ ಹೊಟ್ಟೆ ಹೆಂಗೆ ಉರೀತದೆ ಅಂತ ನಂಗೆ ಗೊತ್ತಿಲ್ವಾ? ಊರೋರೆಲ್ಲ ಹಾಕಿದ್ರು. ನಮ್ಮದೊಂದು ಬಿಟ್ರೆ ನಾಳೆ ಯಾರ ಮುಖ ನೋಡೋದು? ನೆನ್ನೆ ಮೇಲಿನ ಸಾಲಿಗೆ ಹಾಕಿ, ಚೆನ್ನಾಗಿ ಇಳೀಲಿ ಅಂತ ನೀರೂ ಬಿಟ್ಟಿದೀನಿ."

"ಎಲ್ಲಾ ಸತ್ತುಹೋದ್ವು ಅತ್ತೆ!"

"ಯಾವು?"

"ನಾವು ಬೆಲ್ಲ ಹಾಕಿ ಸಾಕಿದ್ವಲ್ಲ, ಅವು!"

ಅತ್ತೆ ನನ್ನ ಮುಖ ನೋಡಿದರು. ಮಂಕರಿಯೊಳಗೆ ನೋಡಿದರು. "ಅವು ನಮ್ಮವಲ್ವಾ, ನಮ್ಮವುಕ್ಕೂ ತಗಲ್ತದಾ?" ಅಂದರು. ನಾನು ಅಲ್ಲೇ ಬೆಳ್ಳಗಿನ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಯಾರನ್ನ ಬೈಯಲಿ? ಊರವರನ್ನ ಬೈದರೆ, ಅವರ ಹುಳು ಸಾಯೋದನ್ನ ನೋಡ್ತಾ ಕೂರಬೇಕಿತ್ತಾ ಅವರು? ಅತ್ತೆಯನ್ನ ಬೈದರೆ, ಬದುಕಿಡೀ ಸರಿ ಅಂತ ಮಾಡಿದ್ದನ್ನೇ ಅವರು ಮಾಡಿದ್ದು. ಯಾರ ಮೇಲೂ ಹಾಕೋಕಾಗದ ಸಿಟ್ಟು ಇದೆಯಲ್ಲ, ಅದು ಮನುಷ್ಯರನ್ನ ಒಳಗಿಂದ ತಿಂದುಹಾಕುತ್ತೆ.

ಮೇಡಂ ಬಂದು ನೋಡಿದರು. ಬೇಜಾರು ತೋರಿಸಲಿಲ್ಲ, ಆದರೆ ಮುಖ ಇಳಿದದ್ದು ಕಾಣುತ್ತಿತ್ತು. ಪಕ್ಕದ ಮನೆಯ ರೋಗಕ್ಕೂ ನಮ್ಮ ತೋಟಕ್ಕೂ ಏನೇನೂ ಸಂಬಂಧವಿಲ್ಲ ಅಂತ ಆ ಮನೆಗೇ ಹೋಗಿ ತಿಳಿಸಿ ಹೇಳಿದರು. ಬ್ಲೀಚಿಂಗಿನ ಕಾವು ಹೋಗೋವರೆಗೂ ಕಾದು ಮೊದಲಿಂದ ಶುರು ಮಾಡಬೇಕು, ಕಾಲೇಜಿನಲ್ಲಿ ಮತ್ತೆ ಬೆಳೆಸೋಕೂ ಸಮಯ ಬೇಕು, ಗಿಡಕ್ಕೆ ಇದು ಎರಡನೇ ಪೆಟ್ಟು, ತಡೆದುಕೊಳ್ಳುತ್ತೋ ಇಲ್ಲವೋ ಹೇಳಲಾರೆ ಅಂದರು. ಹೊಸಿಲ ಹತ್ತಿರ ಕೂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡರು. ಸಂಕ್ರಾಂತಿಗೆ ಇನ್ನೆಷ್ಟು ದೂರ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಎರಡನೇ ಸಲ ಕ್ಯಾನು ಬಂದ ದಿನ ಅತ್ತೆಯನ್ನ ಕರೆದೆ. ಅವರು ಎರಡೂ ಕೈಯನ್ನ ಸೆರಗಿನೊಳಗೆ ಸೇರಿಸಿಕೊಂಡರು. "ನನ್ನ ಕೈ ಬ್ಯಾಡ. ಬ್ಲೀಚಿಂಗಲ್ಲೇ ನೆಂದಿರೋ ಕೈ ಇದು. ನೀನೇ ಹಾಕು." ನಿಜಕ್ಕೂ ಆ ಕೈ ಹಾಗೇ ಇತ್ತು. ಬೆರಳ ತುದಿಯ ಚರ್ಮವೆಲ್ಲ ಬಿಳಿಚಿ ಸುಲಿದಿತ್ತು. ಸೋಪಲ್ಲಿ ತೊಳೆದುಕೊಂಡರೆ ಏನೂ ಆಗಲ್ಲ ಅತ್ತೆ ಅಂತ ನಾನು ಹೇಳಿದೆ, ಮೇಡಂ ಹೇಳಿದರು. ಕೇಳಲಿಲ್ಲ. ಅವತ್ತಿಂದ ಅವರು ತೋಟಕ್ಕೆ ಕಾಲಿಡಲಿಲ್ಲ. ಬೆಲ್ಲ ಕೂಡ ಕುಟ್ಟಲಿಲ್ಲ. ಸಂಜೆ ಹೊತ್ತು ಮೇಲೆ ಹೆದ್ದಾರಿ ಅಂಚಿಗೆ ಹೋಗಿ, ಲಾರಿ ಧೂಳಿನಲ್ಲಿ ನಿಂತು, ಕೆಳಗೆ ನಾನು ಮಣ್ಣು ತಿರುವೋದನ್ನ ನೋಡೋರು. ತಾವು ನೆಟ್ಟ ತೋಟಕ್ಕೆ ತಾವೇ ಸೂತಕದವರ ಹಾಗೆ ದೂರ ನಿಲ್ಲೋರು.

ಆ ದಿನಗಳನ್ನ ಹೇಗೆ ಕಳೆದೆನೋ ಆ ದೇವರಿಗೇ ಗೊತ್ತು. ದೀಪಾವಳಿ ಬಂತು, ಹೋಯಿತು. ಮೊದಲು ಬಂದಿದ್ದ ಚಿಗುರೂ ಕರಕಲಾಯಿತು. ಕಡ್ಡಿ ಮುರಿದರೆ ಪಟ್ ಅಂತ ಒಣಗಿದ ಸದ್ದು. ಬುಡದಲ್ಲಿ ತೊಗಟೆಯನ್ನ ಉಗುರಲ್ಲಿ ಕೆರೆದು ಹಸಿರಿದೆಯಾ ಅಂತ ನೋಡೋದು, ಒಂದರಲ್ಲಿ ಇದ್ದ ಹಾಗೆ ಕಾಣೋದು, ಇನ್ನೊಂದರಲ್ಲಿ ಇಲ್ಲ. ಮಣ್ಣು ತಿರುವಿ ತಿರುವಿ ಸೊಂಟ ಬಿದ್ದುಹೋಯಿತು. ಗಂಡ ಫೋನಿನಲ್ಲಿ, "ಬಿಟ್ಬಿಡೇ, ಅಣ್ಣ ಹೇಳಿದ ಹಾಗೇ ಆಗಲಿ. ನಿಂಗ್ಯಾಕೆ ಈ ಒದ್ದಾಟ?" ಅಂದರು. "ನಿಮ್ಮಮ್ಮ ರಸ್ತೆ ಅಂಚಲ್ಲಿ ನಿಂತ್ಕೊಳೋದನ್ನ ಒಂದು ಸಲ ಬಂದು ನೋಡಿ, ಆಮೇಲೆ ಹೇಳಿ" ಅಂತ ಫೋನ್ ಕುಕ್ಕಿದೆ. ಬಿಟ್ಟುಬಿಡೋಣ ಅಂತ ನನಗೂ ಅನ್ನಿಸುತ್ತಿತ್ತು. ದಿನಾ ಬೆಳಿಗ್ಗೆ ಅನ್ನಿಸುತ್ತಿತ್ತು. ಆದರೆ ಬಿಟ್ಟರೆ, ತೋಟವನ್ನ ಕೊಂದದ್ದು ತನ್ನ ಕೈ ಅಂತಲೇ ಅತ್ತೆ ಸಾಯೋವರೆಗೂ ನಂಬಿಕೊಂಡಿರ್ತಾರಲ್ಲ? ಆ ಸಂಕಟ ನನ್ನನ್ನ ಮತ್ತೆ ಸನಿಕೆ ಹಿಡಿಸೋದು.

ಸಂಕ್ರಾಂತಿ ದಿನ ಭಾವ ಬಂದರು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ನೇರವಾಗಿ ವಿಷಯಕ್ಕೆ ಬಂದರು. ಮೇಲಿನ ಅರ್ಧ ತೋಟ ಸತ್ತಿತ್ತು, ಅದರಲ್ಲಿ ಮುಚ್ಚಿಡೋದೇನಿಲ್ಲ. ಕೆಳಗಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಬುಡ, ಹಿಂದಿನ ವಾರವಷ್ಟೇ, ಕಣ್ಣು ಬಿಟ್ಟಿತ್ತು. ಅದನ್ನ ತೋರಿಸಿದೆ. ಭಾವ ಬದುವಿನ ಮೇಲೇ ನಿಂತು ನೋಡಿ ವಾಪಸಾದರು.

"ಚಿಗುರು ಸ್ವಲ್ಪ ಇದೆ, ಸರಿ. ವಾಸನೆ?"

ನಾನು ಅತ್ತೆಯ ಕಡೆ ನೋಡಿದೆ.

"ಅಮ್ಮ ಹೇಳಲಿ. ಅಮ್ಮ ಹೇಳಿದ್ರೆ ನಾನು ಒಪ್ತೀನಿ" ಅಂದರು. ಅವರ ಜೇಬಿನಲ್ಲಿ ಫೋನ್ ಎರಡು ಸಲ ಹೊಡೆದುಕೊಂಡಿತು. ರೋಲರಿನವನೇ ಇರಬೇಕು, ತೆಗೆಯಲಿಲ್ಲ.

ಅತ್ತೆ ತೋಟಕ್ಕೆ ಬರೋದಿಲ್ಲ ಅಂದರು. ನಾನೇ ಹೋಗಿ ಕೆಳಗಿನ ಸಾಲಿನಲ್ಲಿ ಒಂದು ಗೇಣು ಆಳಕ್ಕೆ ತೋಡಿ, ಮಣ್ಣಿನ ಹೆಂಟೆ ಎತ್ತಿಕೊಂಡು ಬಂದೆ. ದಾರಿಯಲ್ಲಿ ಮೂಸಿ ನೋಡಿದೆ. ಮೊದಲಿನಷ್ಟಿಲ್ಲ. ಆದರೆ ಇತ್ತು. ಮೂಗಿದ್ದ ಯಾರಿಗೂ ಗೊತ್ತಾಗೋಷ್ಟು ಇತ್ತು. ಇಷ್ಟೆಲ್ಲ ಮಾಡಿ ಕೊನೆಗೆ ಇದಾ, ಇದಕ್ಕಾ ನಾನು ಮೈ ಮುರಿದದ್ದು ಅಂದುಕೊಂಡೇ ಅಂಗಳ ದಾಟಿದೆ.

ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡರು. ನಾನು ಹೆಂಟೆಯನ್ನ ಅವರ ಮುಖದ ಹತ್ತಿರ ಹಿಡಿದೆ. ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಉಸಿರೆಳೆದರು. ಇನ್ನೊಂದು ಸಲ ಎಳೆದರು.

"ಹೋಗೈತೆ" ಅಂದರು.

ಭಾವ ನನ್ನ ಕಡೆ ತಿರುಗಿದರು. "ಹೌದೇನಮ್ಮ? ಎಲ್ಲಿ, ಕೊಡು ನೋಡೋಣ" ಅಂತ ಕೈ ಚಾಚಿದರು.

ಅಷ್ಟರಲ್ಲಿ ಅತ್ತೆ ಹಿಂದೆ ಕಟ್ಟಿದ್ದ ಕೈ ಬಿಚ್ಚಿ, ಆ ಹೆಂಟೆಯನ್ನ ನನ್ನ ಅಂಗೈಯಿಂದ ಕಿತ್ತುಕೊಂಡರು. ಎರಡೂ ಕೈಲಿ ಹಿಡಿದು ಎದೆಗೆ ಒತ್ತಿಕೊಂಡರು. ಮಣ್ಣು ಬೆರಳ ಸಂದಿಯಿಂದ ಉದುರಿ ಹಬ್ಬದ ಸೀರೆ ಮೇಲೆ ಬಿತ್ತು.

"ನಾನು ಹೇಳಿದ್ರೆ ಒಪ್ತೀನಿ ಅಂದ್ಯಲ್ಲೋ. ಹೇಳ್ತಿದೀನಿ. ಹೋಗೈತೆ."

ಭಾವ ಚಾಚಿದ ಕೈಯನ್ನ ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದರು. ಆಮೇಲೆ ಕೈ ಕೆಳಗಿಳಿಸಿ, "ಸರಿ, ಮುಂದಿನ ಸಂಕ್ರಾಂತಿಗೆ ನೋಡೋಣ" ಅಂತ ಚಪ್ಪಲಿ ಮೆಟ್ಟಿಕೊಂಡರು. ಅವರ ಕಾರು ಹೆದ್ದಾರಿ ಹತ್ತೋವರೆಗೂ ಅತ್ತೆ ಹೆಂಟೆಯನ್ನ ಬಿಡಲಿಲ್ಲ.

"ಅತ್ತೆ" ಅಂದೆ ನಾನು, "ವಾಸನೆ ಇನ್ನೂ ಇದೆ."

"ನಂಗೂ ಮೂಗೈತೆ ಕಣಮ್ಮ" ಅಂದರು ಅತ್ತೆ. "ನಡಿ, ಸನಿಕೆ ಎಲ್ಲಿಟ್ಟಿದೀಯ ತೋರ್ಸು."